ಮೌಲಾ ಕಾಕಾನ ಖರೇ ನಕಲು

ಹುಸೇನಬಿ ಕಾಕು, ನಿಮ್ಮ ಮನೆಯ ಗೋಡೆಗೂಡಿನಲ್ಲಿ ಹಸಿರು ಅರಿವೆಯೊಳಗೆ ಸುತ್ತಿಟ್ಟಿರುವ ಕ್ಯಾಸೆಟ್ಟಿನ ದನಿ ಮೌಲಾ ಕಾಕಾನದಲ್ಲ. ಅದು ನನ್ನದು.

ಬರೆದುಬಿಟ್ಟೆ. ಏಳು ವರ್ಷ ಗಂಟಲು ದಾಟದ ಮಾತು ಎರಡು ಸಾಲಿನಲ್ಲಿ ಮುಗಿದುಹೋಯಿತು. ಇಷ್ಟೇ ಇತ್ತೇ? — ನಂಬಲಾಗುತ್ತಿಲ್ಲ. ಬರೆಯುವಾಗ ಕೈ ನಡುಗಿತು ಎಂದು ಹೇಳಬೇಕೆಂದಿದ್ದೆ. ಆದರೆ ನಡುಗಲಿಲ್ಲ, ಮರಗಟ್ಟಿದೆ. ನಡುಗುವ ಕೈಯನ್ನು ನಾನು ಬೇಕಾದಾಗ ಮಾಡಿ ತೋರಿಸಬಲ್ಲೆ. ಅದಕ್ಕೇ ಇಲ್ಲಿ ಅದು ಬೇಡ.

ನಿಮಗೆ ಓದಲು ಬರುವುದಿಲ್ಲ. ಶಮಶಾದ್ ಅಕ್ಕ ಓದಬಲ್ಲಳು, ಆದರೆ ಇದನ್ನು ಮಗಳ ಬಾಯಿಂದ ಕೇಳುವ ಶಿಕ್ಷೆ ನಿಮಗೆ ಯಾಕೆ? ಹೇಗೆ ಕೇಳಿಸುತ್ತೇನೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಡುವಿನಿಂದ ಶುರುಮಾಡಿದರೆ ನಾನು ಎಲ್ಲಾದರೂ ನುಣುಚಿಕೊಳ್ಳುತ್ತೇನೆ. ನುಣುಚಿಕೊಳ್ಳುವುದರಲ್ಲಿ ನನಗೆ ಅಭ್ಯಾಸವಿದೆ.

ಮನೆಯವರು ಇಟ್ಟ ಹೆಸರು ಪ್ರಹ್ಲಾದ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಅದು ಪಲ್ಯಾ ಆಯಿತು. ರೊಟ್ಟಿ ತಿನ್ನುವಾಗಲೆಲ್ಲ ಅಕ್ಕಪಕ್ಕದವರಿಗೆ ನನ್ನ ನೆನಪು. ಕಾಕಾ ಒಬ್ಬರೇ ನನ್ನನ್ನು ನಕಲಿ ಎನ್ನುತ್ತಿದ್ದದ್ದು. ನಕಲಿ ಮಾಡುವವನು, ಅಂದರೆ ಮಂದಿಯ ಹಾಗೆ ಮಾತಾಡಿ ತೋರಿಸಿ ನಗಿಸುವವನು. ಗದಗ ಬಸ್ಸಿನ ಕಂಡಕ್ಟರು ಮೂಗಿನಿಂದ ಊರುಗಳ ಹೆಸರು ಕೂಗುವುದು, ಹೆಡ್ ಮಾಸ್ತರರು ಕೆಮ್ಮಿ, ಕೆಮ್ಮು ಮುಗಿಯುವ ಮುಂಚೆಯೇ ಬೈಯುವುದು, ನಮ್ಮಪ್ಪ ದೇವರ ಪೂಜೆಯ ನಡುವೆ ಮಂತ್ರದ ರಾಗದಲ್ಲೇ ಅವ್ವನಿಗೆ ಚಹಾ ಹೇಳುವುದು — ಎಲ್ಲ ಬರುತ್ತಿತ್ತು. ನನ್ನ ಸ್ವಂತ ದನಿಯೊಂದು ಬಿಟ್ಟು. ಅದು ಒಡೆದ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆ. ಅದನ್ನು ಯಾರಾದರೂ ನಕಲಿ ಮಾಡಿದರೆ ಅವರ ಗಂಟಲು ಹೋದೀತು.

ಅಪ್ಪ ಶಿರಹಟ್ಟಿಯ ತಹಸೀಲಿ ಕಚೇರಿಯಲ್ಲಿ ಕಾಗದಪತ್ರಗಳ ನಕಲು ಕೊಡುವ ಗುಮಾಸ್ತರು. ಪ್ರತಿ ಹಾಳೆಗೂ ‘ಖರೇ ನಕಲು’ ಎಂಬ ಶಿಕ್ಕಾ ಒತ್ತಿ ಸಹಿ ಮಾಡುತ್ತಿದ್ದರು. ಕಾಕಾ ಅದನ್ನೇ ಹಿಡಿದು ನನ್ನ ಕಾಲೆಳೆಯುತ್ತಿದ್ದರು. “ನಿಮ್ಮಪ್ಪ ಖರೇ ನಕಲ ಕೊಡತಾನ, ನೀ ಸುಳ್ಳ ನಕಲಿ. ಒಂದ ಮನ್ಯಾಗ ಎರಡೂ ಅಂಗಡಿ.”

ಈ ಮಾತಿಗೆ ನಾನು ನಗುತ್ತಿದ್ದೆ. ನಕ್ಕು, ಅದನ್ನೇ ಅವರ ದನಿಯಲ್ಲಿ ತಿರುಗಿ ಹೇಳುತ್ತಿದ್ದೆ.

ಅವರ ದನಿ ನನಗೆ ಎಲ್ಲರಿಗಿಂತ ಮೊದಲು ಬಂದದ್ದು. ಹತ್ತಿ ಹಿಂಜಿ ತುಂಬಿ ಗಾದಿ ಹೊಲಿಯುವಾಗ ಅವರು ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು; ದಾರ ಬಿಡದೆಯೇ ಮಾತು. ಅದರಿಂದ ಮಾತೆಲ್ಲ ಹಲ್ಲಿನ ಸಂದಿಯಿಂದ ಸೋಸಿಕೊಂಡು ಬರುತ್ತಿತ್ತು. ಮಾತಿಗೆ ಮುಂಚೆ ಒಂದು ‘ಹ್ಞಾಂ’, ಕೊನೆಗೆ ಒಂದು ‘ಅಪಾ’. ನಾನು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಒಂದು ದಾರ ಕಚ್ಚಿಕೊಂಡು ಶುರುಮಾಡಿದರೆ, ಒಳಗೆ ರೊಟ್ಟಿ ಬಡಿಯುತ್ತಿದ್ದ ನೀವು ಎಷ್ಟು ಸಲ ‘ಏನ್ರಿ, ಕರದ್ರೇನು?’ ಎಂದು ಓಗೊಟ್ಟಿದ್ದೀರಿ. ನನ್ನ ದನಿಗೆ. ಆಗ ಮೂವರೂ ನಗುತ್ತಿದ್ದೆವು.

ಗದಗ ಜಿಲ್ಲೆಯಾಗಿ ಎರಡು-ಮೂರು ವರ್ಷವಾಗಿತ್ತು, ಕಚೇರಿಗಳ ಹೊಸ ಬೋರ್ಡುಗಳ ಬಣ್ಣ ಇನ್ನೂ ಹೊಳೆಯುತ್ತಿತ್ತು. ನಾನು ಬಿ.ಎ. ಅರ್ಧಕ್ಕೆ ನಿಲ್ಲಿಸಿ ತಿರುಗುತ್ತಿದ್ದೆ. ಆಗ ಗದಗಿನಲ್ಲಿ ಒಬ್ಬ ಹೆಣ್ಣು ಡಾಕ್ಟರು, ನಮ್ಮೆಲ್ಲರ ಬಾಯಲ್ಲಿ ಡಾಕ್ಟರ್ ಬಾಯಿಯವರು, ಹೃದಯದ ರಕ್ತನಾಳಗಳ ರೋಗದ ಮೇಲೆ ಸಂಶೋಧನೆ ನಡೆಸಿದ್ದರು. ಊರೂರಿಗೆ ಹೋಗಿ ಮಂದಿಯನ್ನು ಮಾತಾಡಿಸಲು ಹುಡುಗರು ಬೇಕಾಗಿತ್ತು. ಹಳ್ಳಿಯವರ ಜೊತೆ ಅವರ ಹಾಗೆಯೇ ಮಾತಾಡುತ್ತಾನೆ ಎಂದು ನನ್ನನ್ನು ತೆಗೆದುಕೊಂಡರು. ನನ್ನ ನಕಲಿಗೆ ಸಿಕ್ಕ ಮೊದಲ ನೌಕರಿ!

ಬಾಯಿಯವರು ನಮಗೆ ರೋಗವನ್ನು ತಿಳಿಸಿಕೊಟ್ಟದ್ದು ನೀರಿನ ಲೆಕ್ಕದಲ್ಲಿ. ನಳದ ನೀರಿಗೆ ದಿನ ಎಣಿಸುವ ಗದಗ-ಬೆಟಗೇರಿಯವರಿಗೆ ಬೇರೆ ಯಾವುದರ ಲೆಕ್ಕ ಬೇಗ ತಿಳಿದೀತು? ಹೃದಯವೆಂದರೆ ಊರಿಗೆಲ್ಲ ನಳದ ನೀರು ಬಿಡುವವನು. ಆದರೆ ಅವನ ಮನೆಗೂ ಒಂದು ಪೈಪು ಬೇಕಲ್ಲ, ಆ ಪೈಪು ಒಳಗೊಳಗೇ ಕಟ್ಟುತ್ತ ಬಂದರೆ ಊರಿಗೆ ನೀರು ಬಿಡುವವನೇ ಬಾಯಾರಿ ಬೀಳುತ್ತಾನೆ, ಎಂದರು. ಕುಳಿತಾಗ ತೆಗೆದ ಇಸಿಜಿಯಲ್ಲಿ ಗೆರೆ ಸರಿಯಾಗಿಯೇ ಬರಬಹುದು. ಏರು ಹತ್ತಿದಾಗ, ಭಾರ ಹೊತ್ತಾಗ ಏನಾಗುತ್ತದೆ ಎನ್ನುವುದನ್ನು ಯಂತ್ರಕ್ಕಿಂತ ಮೊದಲು ಮನುಷ್ಯನ ಬಾಯಿಯೇ ಹೇಳುವುದು. ಆದರೆ ನಮ್ಮ ಕಡೆಯವರು ‘ಎದೆನೋವು’ ಎನ್ನುವುದೇ ಇಲ್ಲ. ಅವರು ಬೇರೇನೋ ಹೇಳುತ್ತಾರೆ, ಕೇಳಿದವರು ಅದನ್ನು ಗ್ಯಾಸು ಎಂದು ಬರೆದು ಗುಳಿಗೆ ಕೊಟ್ಟು ಕಳಿಸುತ್ತಾರೆ. ಆ ‘ಬೇರೇನೋ’ ಯಾವುದು ಎನ್ನುವುದೇ ಅವರ ಹುಡುಕಾಟ. ಅದಕ್ಕೇ ನಮಗೊಂದು ಸಣ್ಣ ಟೇಪ್ ರೆಕಾರ್ಡರ್. ಉತ್ತರವನ್ನು ನಾವು ಬರೆದುಕೊಳ್ಳುವಂತಿರಲಿಲ್ಲ, ಅವರ ಬಾಯಿಂದಲೇ ಹಿಡಿಯಬೇಕಿತ್ತು.

ಎರಡು ಮಾತನ್ನು ಅವರು ದಿನಾ ಹೇಳುತ್ತಿದ್ದರು. “ನಿಮ್ಮ ಮಾತು ಅವರ ಬಾಯಾಗ ಹಾಕಬ್ಯಾಡ್ರಿ. ಮತ್ತ, ಹೇಳೂ ಮುಂದ ಅವರ ಕೈ ನೋಡ್ರಿ.”

ಕೈ ಯಾಕೆಂದರೆ — ಒಂದು ಬೆರಳು ಊರಿ ‘ಇಲ್ಲಿ’ ಎಂದು ತೋರಿಸಿದರೆ ಅದು ಬಹಳ ಮಾಡಿ ಬೇರೆ ನೋವು; ಮುಷ್ಟಿ ಕಟ್ಟಿ ಎದೆಯ ನಟ್ಟನಡುವೆ ಒತ್ತಿ ಹಿಡಿದುಕೊಂಡರೆ ಹುಷಾರಾಗಬೇಕು. ಅಂಥವರನ್ನು ಮರುದಿನವೇ ಗದಗಿಗೆ ಕಳಿಸಬೇಕು. ಅಲ್ಲಿ ಓಡುವ ಪಟ್ಟಿಯ ಮೇಲೆ ನಡೆಸಿ ಪರೀಕ್ಷೆ, ಬೇಕಾದರೆ ಮುಂದೆ ಹುಬ್ಬಳ್ಳಿಗೆ. ನಾವು ತುಂಬುವ ಹಾಳೆಯಲ್ಲಿ ಇದಕ್ಕೆಂದೇ ಒಂದು ಚೌಕವಿತ್ತು: ಕೈ ಎಲ್ಲಿತ್ತು?

ಕೆಲಸ ಚಂದವಿತ್ತು, ಕಾಕು. ಹೊಂಬಳದಲ್ಲಿ ಒಬ್ಬರು ಎದೆಯೊಳಗೆ ಟ್ರ್ಯಾಕ್ಟರು ಕೆಸರಿನಲ್ಲಿ ಸಿಕ್ಕಂತಾಗುತ್ತದೆ ಎಂದರು. ಬೆಳ್ಳಟ್ಟಿಯ ಮುದುಕಿ, ಯಾರೋ ಬೀಸುವ ಕಲ್ಲು ತಂದಿಟ್ಟು ಬೀಸುವುದನ್ನು ಮರೆತು ಹೋದಂತೆ ಎಂದಳು. ಸಂಜೆ ಗದಗಿನ ಕೋಣೆಗೆ ಬಂದು ಇವರನ್ನೆಲ್ಲ ನಾನು ನಕಲಿ ಮಾಡಿ ತೋರಿಸುತ್ತಿದ್ದೆ. ಜೊತೆಯ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಬ್ಬರ ಎದೆಯ ಮೇಲಿನ ಕಲ್ಲು ಇನ್ನೊಬ್ಬರ ಹೊಟ್ಟೆಯ ನಗು — ಆಗ ನನಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಏನೂ.

ಲಕ್ಷ್ಮೇಶ್ವರದ ಪಟ್ಟಿಯಲ್ಲಿ ಕಾಕಾನ ಹೆಸರಿತ್ತು. ಆ ವಾರ ಶಮಶಾದ್ ಅಕ್ಕನ ಕೂಸಿಗೆ ಹುಷಾರಿಲ್ಲವೆಂದು ನೀವು ಮುಂಡರಗಿಗೆ ಹೋಗಿದ್ದಿರಿ. ಗುರುವಾರ ನಾನು ಓಣಿಯಲ್ಲಿ ಹೊರಟಾಗ ಕಾಕಾ ಅಂಗಡಿಯ ಕಟ್ಟೆಯಿಂದ ಕರೆದರು. ಬಾಯಲ್ಲಿ ದಾರವಿರಲಿಲ್ಲ.

“ಲೇ ನಕಲಿ, ಆ ಡಬ್ಬಿ ತಗೊಂಡ ನನ್ನ ಕಡೆ ಯಾವಾಗ ಬರಾಂವ? ನನಗೂ ಒಂದ ಹೇಳೂದೈತಿ.”

ನಾನು ಅವರದೇ ದನಿಯಲ್ಲಿ ಹ್ಞಾಂ, ನಾಳೆ ಬರತೇನಪಾ ಎಂದೆ. ಅವರು ನಕ್ಕರು. ಶುಕ್ರವಾರದ ನಮಾಜ್ ಮುಗಿಸಿ ಅಂಗಡಿಯಲ್ಲೇ ಇರುತ್ತೇನೆ ಎಂದರು.

ಶುಕ್ರವಾರ ಸಂಜೆ ಗದಗಿನ ಕಾಲೇಜೊಂದರ ಗ್ಯಾದರಿಂಗಿನಲ್ಲಿ ನನ್ನ ನಕಲಿ ಕಾರ್ಯಕ್ರಮವಿತ್ತು. ಟೇಪುಗಳನ್ನು ಶನಿವಾರ ಬೆಳಿಗ್ಗೆ ಒಪ್ಪಿಸಬೇಕು. ಬಸ್ಸು ಮಧ್ಯಾಹ್ನ ಎರಡಕ್ಕೆ. ಕಾಕಾ ನಮಾಜ್ ಮುಗಿಸಿ ಬರುವುದೂ ಎರಡಕ್ಕೆ. ಮುಂದಿನ ಬಸ್ಸು ಇತ್ತು — ಮೂರಕ್ಕೆ. ಅದರಲ್ಲಿ ಹೋಗಿದ್ದರೂ ಕಾರ್ಯಕ್ರಮ ಸಿಗುತ್ತಿತ್ತು. ಬಣ್ಣ ಹಚ್ಚಿಕೊಳ್ಳಲು, ಜೀರಿಗೆ ಸೋಡಾ ಕುಡಿದು ಗಂಟಲು ಹದಮಾಡಿಕೊಳ್ಳಲು ಸಮಯ ಸಾಲುತ್ತಿರಲಿಲ್ಲ, ಅಷ್ಟೇ.

ಒಂದು ಗಂಟೆಗೆ ನಮ್ಮ ಮನೆಯ ಹಿತ್ತಲ ಕೋಣೆಯ ಬಾಗಿಲು ಹಾಕಿಕೊಂಡೆ. ಅವ್ವನ ಹೊಲಿಗೆ ಡಬ್ಬಿಯಿಂದ ದಾರ ತೆಗೆದು ಕಚ್ಚಿದೆ. ಗುಂಡಿ ಒತ್ತಿದೆ. ಪ್ರಶ್ನೆಯನ್ನು ನನ್ನ ದನಿಯಲ್ಲಿ ಕೇಳಿದೆ, ಉತ್ತರವನ್ನು ಅವರ ದನಿಯಲ್ಲಿ ಕೊಟ್ಟೆ. ನಡುನಡುವೆ ಹತ್ತಿ ಹಿಂಜುವ ಬಿಲ್ಲಿನ ತಂತಿಯ ಸದ್ದನ್ನೂ ಬಾಯಿಂದಲೇ ಹಾಕಿದೆ — ನಿಜವೆನಿಸಲಿ ಎಂದು. ನೀವು ಬಾಯಿಪಾಠ ಮಾಡಿಕೊಂಡಿರುವ ಆ ಮಾತು ಹೀಗೆ ಹುಟ್ಟಿದ್ದು:

“ಹ್ಞಾಂ. ನೋವಾ? ನನಗ್ಯಾಕ ನೋವು ಬರತೈತಪಾ. ಊರ ಮಂದಿ ಮೆತ್ತಗ ಮಲಗ್ಲಿ ಅಂತ ಗಾದಿ ಹೊಲ್ಯಾಂವ ನಾನು. ನನ್ನ ಎದಿ ಹಿಂಜಿದ ಹತ್ತಿ ಇದ್ದಂಗ ಐತಿ. ಹಗರ.”

‘ಹಗರ’ ಎಂದ ಮೇಲೆ ನನಗೇ ನಗು ಉಕ್ಕಿತು, ನುಂಗಿದೆ. ಅದೂ ಟೇಪಿನಲ್ಲಿ ಸಿಕ್ಕಿದೆ. ಹಾಳೆಯಲ್ಲಿ ‘ದೂರು ಏನೂ ಇಲ್ಲ’ ಎಂದು ಬರೆದೆ. ಕೈ ಎಲ್ಲಿತ್ತು ಎಂಬ ಚೌಕದಲ್ಲಿ — ‘ಸೂಜಿ ಹಿಡಿದಿತ್ತು’. ಎಷ್ಟು ಚಂದದ ವಿವರ ಎಂದು ಬೆನ್ನು ತಟ್ಟಿಕೊಂಡೆ. ಎರಡರ ಬಸ್ಸು ಹತ್ತಿದೆ. ಬಸ್ಸು ಓಣಿಯ ತುದಿಯಲ್ಲಿ ತಿರುಗುವಾಗ ಕಾಕಾನ ಅಂಗಡಿಯ ಬಾಗಿಲು ತೆರೆದಿತ್ತು.

ಮುಂದಿನ ನಾಲ್ಕು ದಿನ ನಾನು ಗದಗಿನಲ್ಲೇ ಉಳಿದೆ. ಬುಧವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ನಾನು ದಿನಾ ನಕಲಿ ಮಾಡುವ ಅದೇ ಕಂಡಕ್ಟರು ಬಸ್ಸಿನಿಂದ ಇಳಿದು ನನ್ನತ್ತ ಬಂದರು. “ನಿಮ್ಮ ಓಣಿ ಮೌಲಾಸಾಬ ಹ್ವಾದ್ರಲ್ಲೋ” ಎಂದರು.

ನಾನು ನಕ್ಕೆ.

ಹೌದು ಕಾಕು, ನಕ್ಕೆ. ಮೂಗಿನಿಂದ ಮಾತಾಡುವ ಆ ಮನುಷ್ಯ ಇಷ್ಟು ದಿನದ ಸೇಡು ತೀರಿಸಿಕೊಳ್ಳುತ್ತಿದ್ದಾನೆ, ನನಗೇ ನಕಲಿ ಮಾಡುತ್ತಿದ್ದಾನೆ ಎಂದುಕೊಂಡೆ. ಆತ ನಗಲಿಲ್ಲ. ಮಂಗಳವಾರ ಸಂಜೆ ಕಾಕಾ ಒಬ್ಬರ ಮನೆಯ ಮಾಳಿಗೆಗೆ ಹೊಸ ಗಾದಿ ಹೊತ್ತು ಮೆಟ್ಟಿಲು ಹತ್ತುವಾಗ ನಡುವೆ ಕುಳಿತುಬಿಟ್ಟರಂತೆ. ಗ್ಯಾಸು ಆಗಿರಬೇಕೆಂದು ಸೋಡಾ ಕುಡಿಸಿದರಂತೆ. ಟೆಂಪೋದಲ್ಲಿ ಹಾಕಿಕೊಂಡು ಗದಗಿನ ಕಡೆ ತಂದರಂತೆ. ದಾರಿಯಲ್ಲೇ… ಕಂಡಕ್ಟರು ಹೇಳುತ್ತಲೇ ಇದ್ದರು. ನನ್ನ ಮುಖದ ಮೇಲೆ ಆ ನಗು ಹಾಗೇ ಸಿಕ್ಕಿಕೊಂಡಿತ್ತು, ತೆಗೆಯಲು ಬರಲಿಲ್ಲ. ಕಿವಿಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ನನ್ನ ಎದಿ ಹತ್ತಿ ಇದ್ದಂಗ ಐತಿ. ಹಗರ. ಹಗರ.

ಮಣ್ಣಿಗೆ ಬಂದೆ. ನೀವು ಮುಂಡರಗಿಯಿಂದ ಬಂದು ಬಾಗಿಲಲ್ಲಿ ಕುಳಿತಿದ್ದಿರಿ. ನಾನು ಕಣ್ಣು ತಪ್ಪಿಸಿ ಗಂಡಸರ ಗುಂಪಿಗೆ ಸೇರಿಕೊಂಡೆ. ಅವತ್ತೇ ಹೇಳಬಹುದಿತ್ತು.

ನಲವತ್ತು ದಿನ ಕಳೆದ ಮೇಲೆ ಡಾಕ್ಟರ್ ಬಾಯಿಯವರು ನಿಮ್ಮ ಮನೆಗೆ ಬರುತ್ತೇನೆಂದರು. ತಮ್ಮ ಪಟ್ಟಿಯಲ್ಲಿದ್ದವರೊಬ್ಬರು, ಅದೂ ದೂರು ಇಲ್ಲ ಎಂದವರು, ಹೃದಯದ ರೋಗದಿಂದ ಹೋಗಿದ್ದರು. ಮನೆಯವರನ್ನು ಕೇಳಿ ತಿಳಿಯಬೇಕು ಎಂದರು. ಓಣಿಯವನೆಂದು ನನ್ನನ್ನೇ ಕರೆತಂದರು. ಹೊಟ್ಟೆನೋವಿನ ನೆಪ ಹೇಳಿದ್ದೆ. ಹೊಟ್ಟೆನೋವನ್ನು ನಾನು ಬಹಳ ಚೆನ್ನಾಗಿ ಮಾಡುತ್ತೇನೆ, ಆದರೆ ಅವತ್ತು ಮಾಡಲು ಬರಲಿಲ್ಲ.

ಆ ದಿನದ ಮಾತು ನಿಮಗೆ ನೆನಪಿದೆ. ನನಗೆ ಅದರ ಉಸಿರುಗಳೂ ನೆನಪಿವೆ.

ಅವರಿಗೆ ಮೊದಲು ಏನಾದರೂ ಆಗುತ್ತಿತ್ತೇ ಎಂದು ಬಾಯಿಯವರು ಕೇಳಿದರು. ನೀವು ತಡಮಾಡದೆ ಹೇಳಿದಿರಿ. “ಆರು ತಿಂಗಳಾತ್ರಿ. ಭಾರ ಹೊತ್ರ ಎದಿ ಬಿಗೀತೈತಿ ಅನ್ನೋರು. ನೋವಲ್ಲ ಅನ್ನೋರು. ಗಾದಿಗೆ ಹತ್ತಿ ಹೆಚ್ಚ ತುರುಕಿ ಬಾಯಿ ಹೊಲದಂಗ ಅನ್ನೋರು. ದವಾಖಾನಿಗೆ ಹೋಗ್ರಿ ಅಂದ್ರ, ಆ ನಕಲಿ ಬರತಾನ, ಅವನ ಡಬ್ಬ್ಯಾಗ ಹೇಳತೇನಿ ಅಂದಿದ್ರು.”

ಬಾಯಿಯವರ ಪೆನ್ನು ಓಡುತ್ತಿದ್ದದ್ದು ನಿಂತಿತು. ಅವರು ಇಡೀ ಜಿಲ್ಲೆಯಲ್ಲಿ ಹುಡುಕುತ್ತಿದ್ದ ಮಾತು ಅದೇ. ನೋವಲ್ಲ, ಬಿಗಿ. ಅದನ್ನು ಬರೆದುಕೊಂಡು ತಲೆಯೆತ್ತಿ, ಮೆಲ್ಲಗೆ, ಡಬ್ಬಿಯಲ್ಲಿ ಅವರು ಹೀಗೆ ಹೇಳಿಲ್ಲವಲ್ಲ ಎಂದರು.

ಕೇಳಿಸ್ರಿ ಎಂದಿರಿ ನೀವು.

ಮನೆಯಲ್ಲಿ ಕಾಕಾನ ಫೋಟೋ ಒಂದೇ, ಅದರಲ್ಲೂ ಕಣ್ಣು ಮುಚ್ಚಿದ್ದಾರೆ. ದನಿಯಂತೂ ಎಲ್ಲಿಯೂ ಇರಲಿಲ್ಲ. ಗುಂಡಿ ಒತ್ತಿದ ಸದ್ದಿಗೆ ಶಮಶಾದ್ ಅಕ್ಕ ಕೂಸನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿದಳು. ‘ಹ್ಞಾಂ’ ಬಂತು. ನಿಮ್ಮ ಕೈ ತಾನಾಗಿ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಿತು — ಗಂಡ ಮನೆಗೆ ಬಂದಾಗ ಮಾಡಿಕೊಳ್ಳುವ ಹಾಗೆ. ನಾನು ಅದನ್ನು ನೋಡಿದೆ. ನೋಡಬಾರದಿತ್ತು.

ಹಗರ ಎನ್ನುವಲ್ಲಿ ನೀವು ಅಳುತ್ತಲೇ ನಕ್ಕಿರಿ. “ಇಲ್ಲಿ ನಕ್ಕಾರ ನೋಡ್ರಿ” ಎಂದು ಬಾಯಿಯವರಿಗೆ ತೋರಿಸಿದಿರಿ. ನಾನು ನುಂಗಿದ ನಗು ಅದು. ಆಮೇಲೆ ನಗು ನಿಂತಿತು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸುಳ್ಳು ಹೇಳದವರು ಕೊನೆಗೆ ಬಾಯೊಳಗಿನ ದಾರವನ್ನೂ ತೆಗೆಯದೆ ಇಷ್ಟು ದೊಡ್ಡ ಸುಳ್ಳು ಹೇಳಿ ಹೋದರಲ್ಲ ಎಂದಿರಿ. ನಿಮಗೆ ಒಂದು, ಡಾಕ್ಟರಿಗೆ ಒಂದು. ನಿಮ್ಮ ಸಿಟ್ಟು ಕಾಕಾನ ಮೇಲೆ ಏರುವುದನ್ನು ನಾನು ಎದುರಿಗೆ ಕುಳಿತು ನೋಡಿದೆ.

ಆಗ ನನ್ನ ಕಡೆ ತಿರುಗಿದಿರಿ. “ನೀ ಎದುರಿಗೇ ಇದ್ದೆಲ್ಲೋ ತಮ್ಮಾ. ಇದನ್ನ ಹೇಳೂ ಮುಂದ ಅವರ ಮಾರಿ ಹೆಂಗಿತ್ತು?”

ಇಡೀ ಕೋಣೆ ನನ್ನ ಬಾಯಿಯ ಮೇಲೆ ನಿಂತಿತ್ತು. ಬಾಯಿಯವರೂ ನೋಡುತ್ತಿದ್ದರು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಲಾರರು. ನನಗೆ ಉತ್ತರ ಗೊತ್ತಿತ್ತು. ನಾನು ಹೇಳಿದ್ದು ಬೇರೆ.

“ನಗತಿದ್ರು ಕಾಕು.”

ಮೊದಲನೆಯದು ಸೋಮಾರಿತನ ಎನ್ನಿ, ಹುಡುಗಾಟ ಎನ್ನಿ. ಇದು? ಇದಕ್ಕೆ ಏನು ಹೆಸರು ಇಡುವುದೋ ನನಗೆ ತಿಳಿಯದು. ಸತ್ತವರ ಬಾಯಿಗೆ ಸುಳ್ಳು ಹಾಕಿ, ಅವರ ಮುಖಕ್ಕೆ ನಗೆಯನ್ನೂ ನಾನೇ ಅಂಟಿಸಿದೆ.

ಬಾಯಿಯವರು ಒಳ್ಳೆಯ ಮನಸ್ಸಿನಿಂದ ಆ ಎರಡು ನಿಮಿಷವನ್ನು ಬೇರೆ ಕ್ಯಾಸೆಟ್ಟಿಗೆ ಇಳಿಸಿ ಕಳಿಸಿದರು. ತಂದುಕೊಟ್ಟವನು ನಾನೇ. ನೀವು ಅದನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟಿರಿ. ಕ್ಯಾಸೆಟ್ಟೂ ಒಂದು ನಕಲು ಎಂದು ನನಗೆ ಬಸ್ಸಿನಲ್ಲಿ ಹೊಳೆಯಿತು, ನಕಲಿಯ ನಕಲು. ಅಪ್ಪನ ಶಿಕ್ಕಾ ಒಂದು ಬೀಳುವುದು ಬಾಕಿ. ಇಂಥ ಹೊತ್ತಿನಲ್ಲೂ ನನಗೆ ತಮಾಷೆ ಹೊಳೆಯುತ್ತದೆ ನೋಡಿ. ನಾನು ಇಂಥವನು.

ಮುಂದಿನ ತಿಂಗಳು ಆ ಕೆಲಸ ಬಿಟ್ಟೆ. ನಕಲಿಯನ್ನು ಬಿಡಲಿಲ್ಲ — ಬಿಟ್ಟೆ ಎಂದರೆ ನಿಮಗೆ ನನ್ನ ಮೇಲೆ ಕನಿಕರ ಬಂದೀತು, ಅದಕ್ಕೇ ಖರೆ ಹೇಳುತ್ತೇನೆ. ಈಗ ನನಗೆ ಇಪ್ಪತ್ತೇಳು. ಗದಗ-ಬೆಟಗೇರಿಯಲ್ಲಿ ಜಾಹೀರಾತಿನ ಆಟೋಗಳಿಗೆ ದನಿ ಕೊಡುತ್ತೇನೆ. ಸೀರೆ ಅಂಗಡಿಗೆ ಒಂದು ದನಿ, ಬೀಜದ ಅಂಗಡಿಗೆ ಒಂದು. ಕಾಕಾನ ದನಿಯನ್ನು ಮಾತ್ರ ಮತ್ತೆ ತೆಗೆದಿಲ್ಲ. ಒಮ್ಮೆ ಹೊರತು. ಹೋಗಿಬಿಟ್ಟಿದೆಯೇ ನೋಡೋಣವೆಂದು ಕೋಣೆಯಲ್ಲಿ ಒಬ್ಬನೇ ದಾರ ಕಚ್ಚಿ ‘ಹ್ಞಾಂ’ ಎಂದೆ. ಅಲ್ಲೇ ಇತ್ತು, ಕೂದಲೆಳೆಯಷ್ಟೂ ಮಾಸದೆ. ಹೆದರಿ ದಾರ ಉಗುಳಿದೆ.

ಹೀಗೇ ಸಾಯುವವರೆಗೆ ಸುಮ್ಮನಿರುತ್ತಿದ್ದೆನೋ ಏನೋ. ಹೋದ ಭಾನುವಾರ ಬೆಳಿಗ್ಗೆ ಊರಿಗೆ ಬಂದಿದ್ದೆ. ನೀವು ಕಾಯಿಪಲ್ಲೆಯ ಚೀಲ ಹಿಡಿದು ಮೊಮ್ಮಗಳು ರೇಶ್ಮಾಳ ಜೊತೆ ಓಣಿಯ ಏರು ಹತ್ತುತ್ತಿದ್ದಿರಿ. ನಡುವೆ ನಿಂತಿರಿ. ಚೀಲ ಕೆಳಗಿಟ್ಟಿರಿ. ಚೀಲ ನಾನು ಹಿಡಿಯುತ್ತೇನೆಂದು ಓಡಿ ಬಂದವನು — ಅಲ್ಲೇ ಕಂಬವಾದೆ.

ನಿಮ್ಮ ಬಲಗೈ ಮುಷ್ಟಿಯಾಗಿತ್ತು. ಎದೆಯ ನಟ್ಟನಡುವೆ ಒತ್ತಿತ್ತು.

ನೋವೇನು ಕಾಕು ಎಂದು ಕೇಳಿದೆ. ಏಳು ವರ್ಷದ ಹಿಂದೆ ಕೇಳಬಾರದೆಂದು ಕಲಿಸಿದ್ದ ಅದೇ ತಪ್ಪು ಮಾತಿನಲ್ಲಿ ಕೇಳಿದೆ. ನೀವು ಉತ್ತರ ಕೊಡುವ ಮೊದಲೇ ಆ ಹುಡುಗಿ ಲಂಗದ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹುಬ್ಬು ಹಾರಿಸಿ, ಹಲ್ಲಿನ ಸಂದಿಯಿಂದ ಹೇಳಿದಳು: “ಹ್ಞಾಂ. ನೋವಾ? ನನಗ್ಯಾಕ ನೋವು ಬರತೈತಪಾ.”

ಅವತ್ತು ಕೂಸಾಗಿದ್ದವಳು, ಅಜ್ಜನನ್ನು ಕಂಡ ನೆನಪೇ ಇಲ್ಲದ ಹುಡುಗಿ. ಕ್ಯಾಸೆಟ್ಟು ಕೇಳಿಯೇ ಕಲಿತಿದ್ದಾಳೆ. ನನ್ನ ಸುಳ್ಳು ಅವಳ ಎಳೆಯ ಬಾಯಲ್ಲಿ ಎಷ್ಟು ಚೊಕ್ಕಾಗಿ ಕುಳಿತಿದೆ! ನೀವು ಮುಷ್ಟಿ ತೆಗೆಯದೆಯೇ ನಕ್ಕು, “ಅವರ ಮಾತ ನನ್ನ ಮಾತು. ನೋವಲ್ಲೋ ತಮ್ಮಾ, ಸುಮ್ನ ಬಿಗಿ. ಅವರಿಗೆ ಹತ್ತಿ ಆದ್ರ ನನಗೂ ಹತ್ತಿ” ಎಂದಿರಿ. ದವಾಖಾನೆಯ ಮಾತು ತೆಗೆದೆ. ಅವರೇ ಹೋಗಲಿಲ್ಲ, ಡಾಕ್ಟರು ಮನೆಯ ಬಾಗಿಲಿಗೆ ಡಬ್ಬಿ ಕಳಿಸಿದರೂ ನಕ್ಕು ಕಳಿಸಿದರು, ನನ್ನದೇನು ದೊಡ್ಡದು ಎಂದು ಚೀಲ ಎತ್ತಿಕೊಂಡಿರಿ.

ಅವರು ನಕ್ಕು ಕಳಿಸಲಿಲ್ಲ. ಕಾದಿದ್ದರು. ಇದನ್ನು ಬರೆಯುವುದಕ್ಕೇ ನಾನು ಈ ಕಾಗದ ಹಿಡಿದದ್ದು. ಶುಕ್ರವಾರದ ನಮಾಜ್ ಮುಗಿಸಿ, ಹೇಳಬೇಕೆಂದಿದ್ದ ಆ ಬಿಗಿಯ ಮಾತನ್ನು ಎದೆಯಲ್ಲಿಟ್ಟುಕೊಂಡು ಅಂಗಡಿಯಲ್ಲಿ ಕುಳಿತಿದ್ದರು. ನಿಮಗೆ ಹೇಳಿದ್ದನ್ನೇ ಡಾಕ್ಟರಿಗೂ ಹೇಳುವವರಿದ್ದರು. ಅವರು ಒಂದೂ ಸುಳ್ಳು ಹೇಳಲಿಲ್ಲ, ಕಾಕು. ಇಪ್ಪತ್ತೆಂಟು ವರ್ಷದಲ್ಲಿಯೂ ಇಲ್ಲ, ಆ ಕೊನೆಯ ವಾರದಲ್ಲಿಯೂ ಇಲ್ಲ. ಏಳು ವರ್ಷ ನೀವು ಅವರ ಮೇಲೆ ಇಟ್ಟುಕೊಂಡ ಸಿಟ್ಟು ನನ್ನದು. ನನಗೆ ಕೊಡಿ.

ಅವತ್ತು ಹೇಳಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಶನಿವಾರವೇ ಗದಗಿಗೆ ಕರೆಸುತ್ತಿದ್ದರು ಎನ್ನುವುದು ಗೊತ್ತು. ನಡುವೆ ನಾಲ್ಕು ದಿನವಿತ್ತು.

ಇನ್ನೊಂದು ಉಳಿದಿದೆ. ಇದನ್ನು ಬರೆ, ಬೇಡ ಎಂದು ಎರಡು ದಿನ ಒದ್ದಾಡಿದ್ದೇನೆ. ಗುರುವಾರ ಕಟ್ಟೆಯಿಂದ ನನ್ನನ್ನು ಕರೆದಾಗ ಕಾಕಾನ ಕೈಯಲ್ಲಿ ಸೂಜಿ ಇರಲಿಲ್ಲ. ಕೈ ಮುಷ್ಟಿಯಾಗಿತ್ತು, ಎದೆಯ ಮೇಲಿತ್ತು. ನಾನು ನೋಡಿದ್ದೆ. ನೋಡಿಲ್ಲ ಎನ್ನುವಂತಿಲ್ಲ, ಯಾಕೆಂದರೆ — ಮರುದಿನ ಸಂಜೆ ಗ್ಯಾದರಿಂಗಿನಲ್ಲಿ ಕಾಕಾನ ಪಾತ್ರ ಬಂದಾಗ ನಾನು ಅದನ್ನೂ ಮಾಡಿ ತೋರಿಸಿದೆ. ಹೊಸ ಹಾವಭಾವ ಎಂದು. ಮುಷ್ಟಿ ಕಟ್ಟಿ, ಎದೆಗೊತ್ತಿ, ‘ನನಗೂ ಒಂದ ಹೇಳೂದೈತಿ’ ಎಂದೆ. ಹುಡುಗರು ಸೀಟಿ ಹೊಡೆದರು. ಕೈ ನೋಡ್ರಿ ಎಂದು ಕಲಿಸಿದ್ದರು. ಕೈ ನೋಡಿ, ನಾನು ಅದನ್ನು ಚಪ್ಪಾಳೆಗೆ ಬಳಸಿದೆ.

ಡಾಕ್ಟರ್ ಬಾಯಿಯವರಿಗೆ ಇಂದು ಬೆಳಿಗ್ಗೆ ಬೇರೆ ಕಾಗದ ಹಾಕಿದ್ದೇನೆ. ಅವರ ಕಡತದಲ್ಲಿ ಮೌಲಾಸಾಬರು ಇನ್ನೂ ‘ದೂರು ಇಲ್ಲದೆ ಹೋದವರು’. ಅದು ತಪ್ಪು, ದೂರು ಇತ್ತು, ಕೇಳಲು ಯಾರೂ ಹೋಗಲಿಲ್ಲ, ಆ ಟೇಪನ್ನು ತೆಗೆದುಹಾಕಿ ಎಂದು ಬರೆದಿದ್ದೇನೆ. ಅವರು ನನಗೆ ಏನು ಮಾಡಬೇಕೋ ಮಾಡಲಿ. ಅಂಚೆ ಡಬ್ಬಿಗೆ ಹಾಕಿದ ಮೇಲೆ ಕೈ ಒಳಗೆ ತೂರಿಸಿ ತೆಗೆಯಲು ನೋಡಿದೆ, ಬರಲಿಲ್ಲ. ಒಳ್ಳೆಯದಾಯಿತು.

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮೆದುರು ನೆಲದ ಮೇಲೆ ಕುಳಿತು ಇದನ್ನು ನಾನೇ ಓದುತ್ತೇನೆ — ಒಡೆದ ಡಬ್ಬಿಯಂಥ ಈ ದನಿಯಲ್ಲೇ. ಓದುವಾಗ ಕಾಕಾ ಆಡಿದ ಮಾತು ಬರುತ್ತದೆ. ಅಲ್ಲಿಯೂ ದನಿ ಬದಲಿಸುವುದಿಲ್ಲ. ನಿಮ್ಮ ಮನೆಯಲ್ಲಿ ಆ ದನಿ ಸುಳ್ಳೋ ನಿಜವೋ, ಇದ್ದದ್ದು ಒಂದೇ. ಅದನ್ನೂ ನಾಳೆ ನಾನು ಕಿತ್ತುಕೊಳ್ಳುತ್ತಿದ್ದೇನೆ ಎಂದು ಗೊತ್ತು. ಕ್ಯಾಸೆಟ್ಟನ್ನು ಒಡೆಯುವುದೋ ಇಡುವುದೋ ನಿಮಗೆ ಬಿಟ್ಟದ್ದು. ನನ್ನ ಮುಖಕ್ಕೆ ಬಾಗಿಲು ಹಾಕಿ, ಬೇಕಾದ್ದು ಅನ್ನಿ. ಆದರೆ ಶಮಶಾದ್ ಅಕ್ಕನ ಜೊತೆ ಗದಗಿಗೆ ಹೋಗಿ, ನನಗೆ ಹೇಳಿದ್ದನ್ನು ಅಲ್ಲಿ ಹೇಳಿ. ಬಿಗಿ ಎನ್ನಿ, ಹತ್ತಿ ತುರುಕಿದಂಗ ಎನ್ನಿ. ಈಗ ಅಲ್ಲಿ ಆ ಮಾತು ತಿಳಿಯುತ್ತದೆ. ಅದು ಕಾಕಾನ ಮಾತು. ಅವರ ಖರೇ ಮಾತು ಅದೊಂದೇ, ಅದು ಇದ್ದದ್ದು ನಿಮ್ಮ ಬಾಯಲ್ಲಿ.

ಓದಿ ಮುಗಿಸಿದ ಮೇಲೆ ನೀವು ಅದೇ ಪ್ರಶ್ನೆಯನ್ನು ಮತ್ತೆ ಕೇಳಬಹುದು — ಅವತ್ತು ಅವರ ಮಾರಿ ಹೆಂಗಿತ್ತು ಎಂದು. ಅದಕ್ಕೆ ಉತ್ತರವನ್ನು ನಾನು ದಾರಿಯುದ್ದಕ್ಕೂ ಹೇಳಿಕೊಂಡು ಬರುತ್ತೇನೆ, ಬಾಯಿಗೆ ಬಂದಾಗ ಬೇರೆ ಮಾತು ಹೊರಡದ ಹಾಗೆ.

ನಾ ನೋಡಿಲ್ಲ ಕಾಕು. ನಾ ಬಂದೇ ಇರಲಿಲ್ಲ.